ಹರಿತಾಗೆ ಹೇಳಬೇಕಾದ ಮಾತು

ಗದ್ವಾಲದ ಬಸ್‌ಸ್ಟ್ಯಾಂಡಿನಲ್ಲಿ ಗಂಗಾಂಬಿಕಾಳ ಪಕ್ಕ ಗಂಡಹೆಂಡತಿ ಕುಳಿತಿದ್ದರು. ಹೆಂಡತಿಯ ತೊಡೆಯ ಮೇಲೆ ಕತ್ತು ನಿಲ್ಲದ ಎರಡು ವರ್ಷದ ಗಂಡುಮಗು.

“ಥೈರಾಯ್ಡಿನ ಜೀವಕಣದಾಗಿಂದ ಹಾರ್ಮೋನು ಹೊರಗ ದಾಟ್ಸೋ ಪ್ರೋಟೀನು ಕೆಟ್ಟೈತಂತ್ರಿ,” ಅಂದಳು ಹೆಂಡತಿ ಗಂಡನಿಗೆ. “ಹಾರ್ಮೋನು ಮಿದುಳಿನೊಳಗ ಬಿಡೋದೂ ಅದೇ ಪ್ರೋಟೀನಂತ.”

“ಹಾರ್ಮೋನು ರಕ್ತದಾಗ ಐತಿ ಅಂದ್ರಲ್ಲ ಡಾಕ್ಟರು?”

“ಐತಿ. ಮಿದುಳಿಗೆ ಮುಟ್ಟವಲ್ದು. ದೋಷ ನನ್ನಿಂದ ಬಂದೈತಿ; ಹೆಂಗಸ್ರಿಗೆ ಕಾಣಂಗಿಲ್ಲ, ಹುಟ್ಟೋ ಗಂಡುಮಗುವಿಗೆ ತಟ್ಟಬಹುದಂತ. ನನಗ ಅವ್ವನಿಂದ ಬಂದಿದ್ರ, ತಂಗಿಗೂ ಇರಬಹುದು.”

ಗಂಡ ಮಗುವಿನ ಕಡೆ ನೋಡಿದ. “ನಿನ್ನ ತಂಗಿ ಹರಿತಾ ಈಗ ಬಸುರಿ.”

“ಅದಕ್ಕ ಜಲ್ದಿ ಟೆಸ್ಟ್ ಮಾಡಸ್ರಿ ಅಂದಾರ.”

“ಆಕಿ ಅತ್ತಿ ಮನಿಯವ್ರಿಗೆ ತಿಳಿದ್ರ ಸಂಸಾರ ಕೆಡ್ತೈತಿ.”

“ನನಗ ಹೇಳೋರು ಇರಲಿಲ್ಲ. ನಾ ತಿಳಿದೂ ಹೇಳದಿದ್ರ ಹೆಂಗ್ರಿ?”

ಮಖ್ತಲದ ಬಸ್ಸು ಬಂತು. ಅವಳು ಹತ್ತುವಾಗ ಗಂಗಾಂಬಿಕಾ ಮಗುವಿನ ಕತ್ತಿಗೆ ಕೈಯಾಸರೆ ಕೊಟ್ಟಳು. ಬಸ್ಸು ಹೊರಟಾಗ ಕಿಟಕಿಯಿಂದ ಅವಳು ಫೋನಿನಲ್ಲಿ ಮಾತಾಡುವ ದನಿ ಕೇಳಿಸಿತು:

“ಹರಿತಾ, ಒಬ್ಬಾಕಿನ ಇದ್ದೀಯೇನ?”