ಮುಟ್ಟಿದ ಕುದುರೆ

ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳ ಚಿಂತೆ ಬಹಳ ಸಣ್ಣದು: ‘ಇವತ್ತು ಯಾರ ಜೊತೆಗಾದರೂ ಮಾತಾಡಬೇಕಾಗಿ ಬಂದರೆ?’ ಬಾಯಿ ತೆರೆಯದೆ ಆಡಬಹುದು ಎಂದೇ ಅವಳು ಚದುರಂಗ ಕಲಿತದ್ದು. ನಗಬೇಡಿ ತಾಯಂದಿರೇ, ನಮ್ಮಲ್ಲಿ ಇಂಥವರು ಎಷ್ಟು ಜನರಿಲ್ಲ?

ಅದೇ ಊರಲ್ಲಿ ಒಬ್ಬ ಶ್ರೀಮಂತನಿದ್ದ. ಆ ವರ್ಷದ ಚದುರಂಗ ಪಂದ್ಯಾವಳಿ ನಡೆದದ್ದು ಅವನ ಸಭಾಂಗಣದಲ್ಲಿ, ಬಹುಮಾನದ ಕಪ್ ಇದ್ದದ್ದು ಅವನ ತಂದೆಯ ಹೆಸರಲ್ಲಿ. ಕೊನೆಯ ಸುತ್ತಿನಲ್ಲಿ ಇವರಿಬ್ಬರೂ ಎದುರುಬದುರಾದರು. ಗೆದ್ದವರಿಗೆ ರಾಜ್ಯ ತಂಡದಲ್ಲಿ ಜಾಗ. ಬಿಳಿಯ ಕಾಯಿ ಅವನಿಗೆ, ಕರಿಯ ಕಾಯಿ ಅವಳಿಗೆ.

“ಬೇಗ ಮುಗಿಸೋಣಮ್ಮ, ಊಟ ಆರಿ ಹೋಗ್ತದೆ,” ಎಂದ ಅವನು. ಸುತ್ತ ನಿಂತವರು ನಕ್ಕರು.

ಬಿಳಿಯ ಕಾಯಿಗಳು ನುಗ್ಗಿದವು. ಆನೆ ಬಂತು, ಒಂಟೆ ಬಂತು, ರಾಣಿಯೇ ಬಂದಳು. ಹುಡುಗಿ ಏನು ಮಾಡಿದಳು? ರಾಜನ ಮುಂದಿನ ಸಿಪಾಯಿಗಳನ್ನು ಕದಲಿಸಲಿಲ್ಲ. ಒಂದು ಕಾಯಿಗೆ ಇನ್ನೊಂದರ ಕಾವಲು, ಅದಕ್ಕೆ ಮತ್ತೊಂದರದು. ಅವನು ಹೊಡೆದಷ್ಟೂ ಅವನ ಪಡೆಯೇ ಕರಗಿತು.

“ಏನಮ್ಮ, ಬಾಗಿಲು ಹಾಕ್ಕೊಂಡು ಕೂತ್ಬಿಟ್ಯಲ್ಲ?”

ಈ ಸಲ ಯಾರೂ ನಗಲಿಲ್ಲ.

ಆಗ ನೋಡಿ, ಅವನು ತನ್ನ ಕುದುರೆಯನ್ನು ಎತ್ತಿದ. ಎತ್ತಿದ ಮೇಲೆ ಕಂಡಿತು: ಅದು ಅಲ್ಲಿಂದ ಕದಲಿದರೆ ಅವಳ ಆನೆ ನೇರ ಒಳಗೆ ಬರುತ್ತದೆ, ರಾಜನಿಗೆ ಉಳಿವಿಲ್ಲ. ಮೆಲ್ಲಗೆ ಕುದುರೆಯನ್ನು ಅಲ್ಲೇ ಇಟ್ಟು, ಒಂಟೆಯನ್ನು ನಡೆಸಿ, ಆಟದ ಗಡಿಯಾರ ಒತ್ತಿ ಸರದಿಯನ್ನು ಅವಳಿಗೆ ಬಿಟ್ಟ.

ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಅದು ಆಟದ ಧರ್ಮ. ಆದರೆ ಎದುರಿನವರು ಆಕ್ಷೇಪ ಹೇಳಬೇಕು. ಅದೂ ತಮ್ಮ ಕಾಯಿ ಮುಟ್ಟುವ ಮೊದಲೇ. ತೀರ್ಪುಗಾರರು ಬೇರೆ ಮೇಜಿನ ಕಡೆ ತಿರುಗಿದ್ದರು. ಕಂಡವರೆಲ್ಲ ಶ್ರೀಮಂತನ ಮುಖ ನೋಡಿ ಸುಮ್ಮನಾದರು. ಅವಳ ಗಡಿಯಾರ ಓಡುತ್ತಿತ್ತು. ಅಭ್ಯಾಸದಂತೆ ಅವಳ ಕೈ ಕಾಯಿಯತ್ತ ಹೋಯಿತು. ಮುಟ್ಟಿದರೆ ಮುಗಿಯಿತು.

ಅವಳನ್ನು ಅಲ್ಲೇ ಬಿಟ್ಟು ಸ್ವಲ್ಪ ನಮ್ಮ ಮನೆಗೆ ಬನ್ನಿ. ಮಾಡದ ತಪ್ಪನ್ನು ಸೊಸೆಯ ಮೇಲೆ ಹೊರಿಸುವಾಗ, ಕಣ್ಣಾರೆ ಕಂಡ ನಾವು ಒಲೆಯ ಕಡೆ ತಿರುಗುವುದಿಲ್ಲವೇ? “ನಮ್ಮ ಹುಡುಗಿ ಒಪ್ಪಿದ್ದಾಳೆ” ಎಂದು ದೊಡ್ಡವರು ಹೇಳಿಬಿಟ್ಟಾಗ, ಒಪ್ಪದ ಹುಡುಗಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುವುದಿಲ್ಲವೇ? ಅದಕ್ಕೆ ನಾವು ಕೊಟ್ಟ ಹೆಸರು ತಾಳ್ಮೆ. ತಾಳ್ಮೆ ಬೇಕು, ನೋಡಿ, ಅದಿಲ್ಲದೆ ಆ ಹುಡುಗಿ ಅಲ್ಲಿಯವರೆಗೂ ಬರುತ್ತಿರಲಿಲ್ಲ. ಆದರೆ ಕಂಡದ್ದನ್ನು ಹೇಳುವ ಗಳಿಗೆ ಬಂದಾಗ ಕೈ ಮತ್ತೊಂದು ಕೆಲಸ ಹುಡುಕಬಾರದು. ಇವತ್ತು ಮನೆಗೆ ಹೋದ ಮೇಲೆ ಅಂಥ ಗಳಿಗೆ ಬಂದರೆ ಪಾತ್ರೆ ಕೆಳಗಿಡಿ. ಜೋರಾಗಿ ಹೇಳಬೇಕೆಂದಿಲ್ಲ. ಕೇಳಿಸಿದರೆ ಸಾಕು.

ಆ ಆಟದಲ್ಲಿ ಗೆದ್ದದ್ದು ಕರಿಯ ಕಾಯಿಯವಳೇ. ಹೇಗೆ ಎಂದಿರಾ? ಅವಳು ಚಾಚಿದ ಕೈಯನ್ನು ಹಿಂದಕ್ಕೆ ಎಳೆದು ಮಡಿಲಲ್ಲಿಟ್ಟುಕೊಂಡಳು. ತಲೆಯೆತ್ತಿದಳು.

“ಸರ್, ನೀವು ಕುದುರೆ ಮುಟ್ಟಿದ್ರಿ.”