ಗೋಡೆಯ ಮೇಲಿನ ಫಾರ್ಮಸಿಸ್ಟ್

"ಮೂರು ಅಂಗಡೀಲಿ ಒಂದೇ ಸಲ ಕೂತಿರೋಕೆ ನಾನೇನು ದೇವ್ರೇನ್ರೀ?"

"ಬಾಯಿ ಮುಚ್ಚೇ! ಶಾಸಕರು ಬರೋ ಹೊತ್ತು. ಟೇಪು ಕಟ್ಟಿ ಆಯ್ತು, ಸ್ವೀಟು ಬಂತು, ಈಗ ಶುರು ಹಚ್ಕೊಂಡ್ಳು!"

"ಅಲ್ಲಿ ಬಸುರಿ ಹೆಂಗ್ಸು ಆಸ್ಪತ್ರೇಲಿ ಬಿದ್ದಿದಾಳೆ, ನಿಮಗೆ ಸ್ವೀಟಿನ ಚಿಂತೆ!"

ಗಾಬರಿಯಾಗಬೇಡಿ, ಜಗಳ ನಮ್ಮ ಮಠದ್ದಲ್ಲ. ಒಂದು ಊರು, ಅಲ್ಲೊಬ್ಬ ಶ್ರೀಮಂತ, ಅವನಿಗೊಬ್ಬ ಹೆಂಡತಿ. ಅವರಿಬ್ಬರದು.

ಇವನು ಹುಟ್ಟಾ ಶ್ರೀಮಂತನಲ್ಲ. ಬಸ್‌ಸ್ಟ್ಯಾಂಡ್ ಪಕ್ಕ ಒಂದು ಔಷಧಿ ಅಂಗಡಿ ಇಟ್ಟಿದ್ದ. ಓದಿದವಳು ಹೆಂಡತಿ. ಫಾರ್ಮಸಿ ಓದಿ, ಸರ್ಟಿಫಿಕೇಟ್ ತಂದು, ತಾನೇ ಕೌಂಟರಿನಲ್ಲಿ ಕೂರುತ್ತಿದ್ದಳು. ಯಾರಾದರೂ "ಅಕ್ಕಾ, ಆ ಹಳದಿ ಮಾತ್ರೆ ಕೊಡಿ" ಎಂದರೆ ಸಾಕು, "ಇದೇನು ಪೆಪ್ಪರಮೆಂಟೇನಪ್ಪಾ ಬಣ್ಣ ನೋಡಿ ಕೊಡೋಕೆ? ಡಾಕ್ಟರ್ ಚೀಟಿ ತಗೊಂಬಾ" ಎಂದು ಗದರುತ್ತಿದ್ದಳು. ಬೈಸಿಕೊಂಡವರೇ ಮತ್ತೆ ಬರುತ್ತಿದ್ದರು. ಯಾಕೆ ಹೇಳಿ? ನಂಬಿಕೆ. ಆ ನಂಬಿಕೆಯ ಮೇಲೆ ಎರಡನೆಯ ಅಂಗಡಿ ಬಂತು, ಮೂರನೆಯದು ಬಂತು. ಆಮೇಲೆ ತಾಲ್ಲೂಕಿಗೊಂದು, ಸರ್ಕಲ್ಲಿಗೊಂದು. ಎಲ್ಲಕ್ಕೂ ಅದೇ ಹಸಿರು ಬೋರ್ಡು.

ಈಗ ನೋಡಿ ತಮಾಷೆ. ಪ್ರತಿ ಅಂಗಡಿಯಲ್ಲೂ ಓದಿದ ಫಾರ್ಮಸಿಸ್ಟ್ ಇರಬೇಕು ಅನ್ನುತ್ತದೆ ಕಾನೂನು. ಇವನೇನು ಮಾಡಿದ? ಸರ್ಟಿಫಿಕೇಟನ್ನೇ ಬಾಡಿಗೆಗೆ ತಂದ! ಅದರ ಯಜಮಾನ ಪಕ್ಕದ ಜಿಲ್ಲೆಯಲ್ಲಿ ಕೋಳಿ ಸಾಕುತ್ತಾನೆ, ಕಾಗದ ಇಲ್ಲಿ ಗೋಡೆಯ ಮೇಲೆ. ಬಾಡಿಗೆಗೆ ಸಿಗದ ಮೂರು ಕಡೆ ಹೆಂಡತಿಯದೇ ಸರ್ಟಿಫಿಕೇಟಿನ ಕಲರ್ ಜೆರಾಕ್ಸ್. ಆಯುಧಪೂಜೆಗೆ ಅವಕ್ಕೆಲ್ಲ ಕುಂಕುಮ, ಹಾರ. ಬಂದವರು "ಪಾಪ, ಯಾವಾಗ ತೀರ್ಕೊಂಡ್ರು?" ಅನ್ನಬೇಕು, ಹಾಗೆ.

ಅಂಥ ಒಂದು ಅಂಗಡಿಗೆ ಬೆನ್ನುನೋವೆಂದು ತುಂಬು ಬಸುರಿ ಬಂದಳು. ಗೋಡೆಯ ಮೇಲೆ ಆ ಹೆಂಡತಿಯ ಹೆಸರು ಓದಿದಳು, ಧೈರ್ಯ ಬಂತು. ಕೌಂಟರಿನಲ್ಲಿದ್ದವನೋ, ಹೋದ ತಿಂಗಳವರೆಗೆ ಮೊಬೈಲ್ ಕವರ್ ಮಾರುತ್ತಿದ್ದವನು. ಬಸುರಿಯರಿಗೆ ಕೊಡಬಾರದ ಮಾತ್ರೆ ಕೊಟ್ಟ. ತಾಯಿ, ಹೊಟ್ಟೆಯೊಳಗಿನ ಕೂಸು, ಎರಡೂ ಜೀವ ತೂಗಾಡತೊಡಗಿದವು. ನೋಡಲು ಹೋದ ಹೆಂಡತಿಯ ಕೈ ಹಿಡಿದು ಅವಳು ಹೇಳಿದ್ದು ಒಂದೇ ಮಾತು: "ನಿಮ್ಮ ಹೆಸ್ರು ನೋಡಿನೇ ನುಂಗ್ದೆ ಅಕ್ಕಾ."

ಆಸ್ಪತ್ರೆಯಿಂದ ಹೆಂಡತಿ ನೇರ ಹೊಸ ಅಂಗಡಿಯ ಉದ್ಘಾಟನೆಗೆ ಬಂದಳು. "ಓದಿದೋರು ಬಂದು ಕೂರೋವರೆಗೂ ಎಲ್ಲಾ ಬಾಗಿಲು ಹಾಕಿ" ಎಂದಳು.

ಗಂಡ ಹೇಳಿದ: "ಹಣ್ಣಿನ ಬುಟ್ಟಿ ಕಳ್ಸಿದೀನಲ್ಲ! ನೀನು ಮನೇಲಿರು. ನಿನ್ನ ಹೆಸರಿದ್ರೆ ಸಾಕು."

ಕೇಳಿದಿರಾ? ಹೆಸರಿದ್ದರೆ ಸಾಕಂತೆ!

ನಗಬೇಡಿ. ನೀವು ಮಾಡುವುದೂ ಅದನ್ನೇ. ದೇವರ ಫೋಟೋ ಗೋಡೆಯಲ್ಲಿ, ನಿಮ್ಮ ಬೆರಳು ತಕ್ಕಡಿಯಲ್ಲಿ. ಶಾಲಾ ಸಮಿತಿಯಲ್ಲಿ ನಿಮ್ಮ ಹೆಸರು. ಆ ಶಾಲೆಯ ಬಾಗಿಲು ಯಾವ ದಿಕ್ಕಿಗಿದೆ, ಗೊತ್ತಾ? ನನ್ನ ಫೋಟೋವನ್ನೂ ತೂಗುಹಾಕಿ ಅದರ ಕೆಳಗೇ ಕೂತು ಸುಳ್ಳು ಹೇಳುತ್ತೀರಿ. ನಾನು ಮೇಲಿಂದ ಹಲ್ಲು ಕಿರಿಯುತ್ತಿರಬೇಕು! ನಾಳೆ ಬೆಳಿಗ್ಗೆ ಇಳಿಸಿ ಅದನ್ನು. ಎಲ್ಲಿ ನಿಮ್ಮ ಹೆಸರಿದೆಯೋ ಅಲ್ಲಿ ಹೋಗಿ ಕೂರಿ. ಕೂರಲಾಗದಿದ್ದರೆ ಹೆಸರು ಅಳಿಸಿ. ಮಾತ್ರೆ ಕೊಳ್ಳುವಾಗ "ಗೋಡೆ ಮೇಲಿರೋರನ್ನ ಕರೀರಿ" ಅನ್ನಿ. ಅದಕ್ಕೆಂಥ ನಾಚಿಕೆ?

ಆ ಹೆಂಗಸು ಏನು ಮಾಡಿದಳು ಅಂತೀರಾ? ಸ್ಟೂಲು ಹತ್ತಿದಳು. ತನ್ನ ಹೆಸರಿನ ಸರ್ಟಿಫಿಕೇಟಿನ ಚೌಕಟ್ಟು ಇಳಿಸಿ ಕಂಕುಳಲ್ಲಿ ಇರುಕಿಕೊಂಡಳು.

"ಏ, ಅದಿಲ್ದೆ ಅಂಗಡಿ ತೆಗೆಯೋ ಹಾಗಿಲ್ಲ ಕಣೇ!" ಗಂಡ ಕೂಗಿದ.

"ಗೊತ್ತು" ಎಂದಳು. ಶಾಸಕರ ಕಾರು ಒಳಗೆ ಬರುತ್ತಿತ್ತು, ಅವಳು ಹೊರಗೆ ನಡೆದಳು. ಮತ್ತೆ ಬರಲಿಲ್ಲ.