ಸ್ಪೇಸರಿಗೆ ಮೆತ್ತಿದ ಅರಿಶಿನ

ಕತ್ರಿಗುಪ್ಪೆ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ನಮ್ಮಲ್ಲಿ ಕಾರಿದ್ದವರು ಇಬ್ಬರೇ, ಮಾವ ಮತ್ತು ಅಳಿಯ. ಕಾರು ಎದುರಿಗೇ ನಿಂತಿತ್ತು. ಮಾವ ಬಗ್ಗಿ ಚಕ್ರ ನೋಡುತ್ತಿದ್ದರು, ಅಳಿಯ ಮಾವನನ್ನು ನೋಡುತ್ತಿದ್ದ.

“ಸ್ಟೇರಿಂಗ್ ಯಾಕೆ ಹಂಗೆ ನಡುಗ್ತು ಅಳಿಯಂದ್ರೇ?”

“ರೋಡ್ ಸರಿ ಇಲ್ಲ ಮಾವ.”

“ನಿನ್ನೇನೂ ಇದೇ ರೋಡು. ಚಕ್ರ ಆಚೆ ಕಾಣ್ಲಿ ಅಂತ ಒಳಗೆ ಬಿಲ್ಲೆ ಕೂರಿಸಿದ್ಮೇಲೆ ಕೆಟ್ಟೋಯ್ತಾ?”

“ಅದು ಸ್ಪೇಸರ್ ಮಾವ. ಮನೇಲಿ ನಾನೇ ಹಾಕಿದ್ದು. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ನಟ್ಟೆಲ್ಲ ಸರಿಯಾಗಿ ಟೈಟ್ ಮಾಡಿದೀನಿ.”

“ಒಳಗಡೆ ತುಕ್ಕು, ಮಣ್ಣು?”

“ಬ್ರಶ್‌ನಲ್ಲಿ ಉಜ್ಜಿದೀನಿ. ಚೂರು ಕಸ ಇದ್ರೂ ಬಿಲ್ಲೆ ಸಮ ಕೂರಲ್ಲ.”

“ಮತ್ತೆ ಈ ಸಂದೀಲಿ ಹಳದಿ ಏನು?”

“ಅತ್ತೆ ಬಿಲ್ಲೆಗೆ ಪೂಜೆ ಮಾಡಿ, ದಪ್ಪಕ್ಕೆ ಅರಿಶಿನ ಮೆತ್ತಿ ಕೊಟ್ರು.”

“ಒರೆಸಿದ್ರಾ?”

“ಪೂಜೆ ಅರಿಶಿನ ಹೆಂಗ್ ಒರ್ಸೋದು ಮಾವ?”

“ನಾಳೆ ನನ್ ಮಗಳು, ಮೊಮ್ಮಗು ಇದ್ರಲ್ಲೇ ಕೂರ್ಬೇಕಾ?”

“ದೇವ್ರಿದಾನೆ ಬಿಡಿ.”

“ಹಂಗಾದ್ರೆ ಅವನನ್ನೇ ಕೂರ್ಸ್ಕೊಂಡು ಹೋಗಿ.”

ಬಸ್ ಬಂತು. ಮಾವ ಮುಂದಿನ ಬಾಗಿಲಲ್ಲಿ ಹತ್ತಿದರು. ಅಳಿಯ ಚಕ್ರವನ್ನೊಮ್ಮೆ ನೋಡಿದ, ಕಾರು ಲಾಕ್ ಮಾಡಿದ, ಓಡಿಬಂದು ಹಿಂದಿನ ಬಾಗಿಲಲ್ಲಿ ಹತ್ತಿದ.